ಐಎಫ್‌ಎಸ್‌ಸಿ ಸರಿಯಾಗಿ ತುಂಬಿದ ಮೇಲೂ ‘ತಪ್ಪು’ ಎನ್ನುತ್ತಿದೆ: ಆ್ಯಂಗ್ಯುಲರ್ ಫಾರ್ಮ್ ಕುರಿತು ಪ್ರಶ್ನೋತ್ತರ

ಪ್ರಶ್ನೆ: ಮೇಡಂ, ನಮಸ್ಕಾರ. ಹಾಲು ಉತ್ಪಾದಕರ ಸಹಕಾರ ಸಂಘವೊಂದಕ್ಕೆ ಸದಸ್ಯರ ನೋಂದಣಿ ಪುಟ ಸಿದ್ಧಪಡಿಸುತ್ತಿದ್ದೇನೆ. ವೆಬ್ ಪುಟ ಕಟ್ಟುವ ಚೌಕಟ್ಟಾದ ಆ್ಯಂಗ್ಯುಲರ್‌ನ ರಿಯಾಕ್ಟಿವ್ ಫಾರ್ಮ್ ಬಳಸಿದ್ದೇನೆ. ಬ್ಯಾಂಕಿನ ಐಎಫ್‌ಎಸ್‌ಸಿ (ಶಾಖೆ ಗುರುತಿಸುವ ಕೋಡ್) ಚಾಲ್ತಿಯಲ್ಲಿದೆಯೇ, ಮೊಬೈಲ್ ಸಂಖ್ಯೆ ಈಗಾಗಲೇ ನೋಂದಣಿಯಾಗಿದೆಯೇ ಎಂಬ ಎರಡನ್ನೂ ಸರ್ವರಿನಿಂದ ತಿಳಿಯಬೇಕು. ಫೀಲ್ಡ್‌ನ ಮೌಲ್ಯ ಬದಲಾದಾಗ ತಿಳಿಸುವ ವ್ಯಾಲ್ಯೂಚೇಂಜಸ್‌ಗೆ ಸಬ್‌ಸ್ಕ್ರೈಬ್ ಆಗಿ, ಅಕ್ಷರ ಬದಲಾದಾಗಲೆಲ್ಲ ಸರ್ವರಿಗೆ ವಿನಂತಿ ಕಳಿಸುತ್ತೇನೆ. ತಪ್ಪೆಂದು ಉತ್ತರ ಬಂದರೆ ಫೀಲ್ಡ್‌ಗೆ ದೋಷ ಹಚ್ಚುವ ಸೆಟ್‌ಎರರ್ಸ್ ಕರೆಯುತ್ತೇನೆ. ನಮ್ಮ ಕಚೇರಿಯಲ್ಲಿ ಎಲ್ಲವೂ ಸರಿಯಾಗಿದೆ. ಸಿಗ್ನಲ್ ನಿಧಾನವಿರುವ ಹಳ್ಳಿಯಲ್ಲಿ ಮಾತ್ರ, ಕೋಡ್ ಪೂರ್ತಿ ಸರಿಯಾಗಿ ತುಂಬಿದ ಮೇಲೂ ‘ತಪ್ಪು’ ಎಂಬ ಕೆಂಪು ಸಾಲು ಹಾಗೆಯೇ ಉಳಿಯುತ್ತದೆ. ಕೆಲವೊಮ್ಮೆ ಉತ್ತರ ಬರುವ ಮೊದಲೇ ಅರ್ಜಿ ಸಲ್ಲಿಕೆಯಾಗಿಬಿಡುತ್ತದೆ. ಏನು ಮಾಡಲಿ?

ಉತ್ತರ: ನಮಸ್ಕಾರ. ನಿಮ್ಮ ಎರಡು ತೊಂದರೆಗಳಿಗೂ ಮೂಲ ಒಂದೇ: ನೀವು ಉತ್ತರಕ್ಕಾಗಿ ಕಾಯುತ್ತಿರುವ ವಿಷಯ ಫಾರ್ಮ್‌ಗೆ ಗೊತ್ತಿಲ್ಲ. ಹತ್ತು ಅಕ್ಷರವಿದ್ದಾಗ ಹೋದ ವಿನಂತಿಯ ಉತ್ತರ, ಹನ್ನೊಂದು ತುಂಬಿದ ಮೇಲೆ ಹೋದದ್ದರ ಉತ್ತರಕ್ಕಿಂತ ತಡವಾಗಿ ಬಂದರೆ, ಕೊನೆಗೆ ಬಂದದ್ದೇ ನಿಲ್ಲುತ್ತದೆ. ನಿಧಾನದ ನೆಟ್‌ವರ್ಕ್‌ನಲ್ಲಿ ಹೀಗೆ ಕ್ರಮ ತಪ್ಪುವುದು ಮಾಮೂಲು. ಕಾಯುವ ಹೊತ್ತಿನಲ್ಲಿ ಫಾರ್ಮ್ ತಾನು ಸರಿಯಿದ್ದೇನೆ ಎಂದೇ ತಿಳಿದಿರುತ್ತದೆ, ಆದ್ದರಿಂದ ಸಲ್ಲಿಕೆಗೂ ಬಿಡುತ್ತದೆ.

ಈ ಕೆಲಸವನ್ನು ಅಸಿಂಕ್ ವ್ಯಾಲಿಡೇಟರ್‌ಗೆ (ತಡವಾಗಿ ಬರುವ ಉತ್ತರಕ್ಕೆ ಕಾದು ಪರಿಶೀಲಿಸುವ ಫಂಕ್ಷನ್) ವರ್ಗಾಯಿಸಿ. ಒಂದೊಂದು ಫೀಲ್ಡನ್ನು ನಿಭಾಯಿಸುವ ಫಾರ್ಮ್‌ಕಂಟ್ರೋಲ್‌ನ ಮೂರನೆಯ ಆರ್ಗ್ಯುಮೆಂಟ್ ಇರುವುದೇ ಅದಕ್ಕೆ. ಆ ವ್ಯಾಲಿಡೇಟರ್ ಪ್ರಾಮಿಸ್ ಅಥವಾ ಅಬ್ಸರ್ವೆಬಲ್ (ಎರಡೂ ಆಮೇಲೆ ಬರುವ ಉತ್ತರವನ್ನು ಹೊತ್ತು ತರುವಂಥವು) ಹಿಂತಿರುಗಿಸಬೇಕು. ತಪ್ಪಿಲ್ಲದಿದ್ದರೆ ಅದರೊಳಗಿನ ಮೌಲ್ಯ ನಲ್, ಅಂದರೆ ಏನೂ ಇಲ್ಲ. ನಿಮಗೆ ಅಬ್ಸರ್ವೆಬಲ್ಲೇ ಒಳ್ಳೆಯದು. ಫೀಲ್ಡ್‌ನ ಮೌಲ್ಯ ಬದಲಾದ ಕೂಡಲೇ ಆ್ಯಂಗ್ಯುಲರ್ ಹಿಂದಿನ ಪರಿಶೀಲನೆಯ ಸಬ್‌ಸ್ಕ್ರಿಪ್ಷನ್ ಕಡಿದುಹಾಕುತ್ತದೆ, ಸರ್ವರಿಗೆ ವಿನಂತಿ ಕಳಿಸುವ ಎಚ್‌ಟಿಟಿಪಿಕ್ಲೈಂಟ್ ಆ ವಿನಂತಿಯನ್ನೇ ರದ್ದು ಮಾಡುತ್ತದೆ. ಹಳೆಯ ಉತ್ತರ ಹೊಸದರ ಮೇಲೆ ಬಂದು ಕೂರುವ ಪ್ರಶ್ನೆಯೇ ಇಲ್ಲ.

ಇದಕ್ಕೆ ಮೊದಲು ಇನ್ನೊಂದು ಕೆಲಸವಿದೆ. ಐಎಫ್‌ಎಸ್‌ಸಿಗೆ ಗೊತ್ತಾದ ರೂಪವಿದೆ: ಒಟ್ಟು 11 ಅಕ್ಷರ, ಮೊದಲ ನಾಲ್ಕು ಬ್ಯಾಂಕನ್ನು ಸೂಚಿಸುವ ಇಂಗ್ಲಿಷ್ ಅಕ್ಷರಗಳು, ಐದನೆಯದು ಸೊನ್ನೆ, ಉಳಿದ ಆರು ಶಾಖೆಯದು. ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ ‘ಓ’ ಒತ್ತುವವರು ಬಹಳ. ಅದನ್ನು ಹಿಡಿಯಲು ಸರ್ವರ್ ಬೇಕಿಲ್ಲ, ಅಕ್ಷರಗಳ ರೂಪ ನೋಡುವ ಸಾಮಾನ್ಯ ಪ್ಯಾಟರ್ನ್ ವ್ಯಾಲಿಡೇಟರ್ ಸಾಕು. ಈ ಸಾಮಾನ್ಯ ಪರಿಶೀಲನೆಗಳು ಪಾಸಾದ ಮೇಲಷ್ಟೇ ಆ್ಯಂಗ್ಯುಲರ್ ಅಸಿಂಕ್ ಪರಿಶೀಲನೆಗೆ ಕೈಹಾಕುತ್ತದೆ. ಹಾಗಾಗಿ ಹನ್ನೊಂದೂ ಅಕ್ಷರ ಸರಿಯಾದ ರೂಪದಲ್ಲಿ ಬರುವ ತನಕ ಒಂದು ವಿನಂತಿಯೂ ಹೊರಡುವುದಿಲ್ಲ.

ರೂಪ ಸರಿಯಿದ್ದರೆ ಸಾಲದೇ, ಸರ್ವರನ್ನೇಕೆ ಕೇಳಬೇಕು ಎನ್ನುವವರಿಗೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದರ ಹಳೆಯ ಐಎಫ್‌ಎಸ್‌ಸಿಗಳು 2021ರ ಜುಲೈ 1ರಿಂದ ನಡೆಯುವುದಿಲ್ಲ. ಹಳೆಯ ಪಾಸ್‌ಬುಕ್ ನೋಡಿ ತುಂಬಿದ ಕೋಡ್ ಪ್ಯಾಟರ್ನ್ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ, ಹಾಲಿನ ಬಟವಾಡೆ ಮಾತ್ರ ಖಾತೆಗೆ ಸೇರುವುದಿಲ್ಲ. ಇಂಥವರಿಗೆ ‘ಅಮಾನ್ಯ’ ಎಂದಷ್ಟೇ ತೋರಿಸಿ ಕೈಬಿಡಬೇಡಿ. ‘ಈ ಕೋಡ್ ಈಗ ಚಾಲ್ತಿಯಲ್ಲಿಲ್ಲ, ಹೊಸ ಪಾಸ್‌ಬುಕ್ ನೋಡಿ’ ಎಂದು ಬರೆಯಿರಿ. ಸರಿಯಿದ್ದಾಗ ಶಾಖೆಯ ಹೆಸರನ್ನೂ ತೋರಿಸಿ. ತನ್ನ ಊರಿನ ಶಾಖೆ ಹೌದೋ ಅಲ್ಲವೋ ಎಂದು ತುಂಬುವವರೇ ಹೇಳುತ್ತಾರೆ.

ಮರುಪ್ರಶ್ನೆ: ಧನ್ಯವಾದ ಮೇಡಂ, ಕೆಂಪು ಸಾಲಿನ ತೊಂದರೆ ಹೋಯಿತು. ಆದರೆ ಪರಿಶೀಲನೆ ನಡೆಯುತ್ತಿರುವಾಗಲೂ ‘ಸಲ್ಲಿಸು’ ಬಟನ್ ತೆರೆದೇ ಇರುತ್ತದೆ. ಫಾರ್ಮ್ ಇನ್‌ವ್ಯಾಲಿಡ್ ಆಗಿದ್ದರೆ ಬಟನ್ ಮುಚ್ಚಬೇಕೆಂದು ಬರೆದಿದ್ದೇನೆ. ಸರ್ವರ್ ಸ್ಥಗಿತಗೊಂಡಾಗ ಆ ಫೀಲ್ಡ್ ಹಾಗೆಯೇ ಸಿಕ್ಕಿಹಾಕಿಕೊಳ್ಳುತ್ತದೆ.

ಉತ್ತರ: ಕಾಯುತ್ತಿರುವ ಫಾರ್ಮ್‌ನ ಸ್ಥಿತಿ ಪೆಂಡಿಂಗ್. ಆಗ ವ್ಯಾಲಿಡ್ ಎಂದು ಕೇಳಿದರೂ ಅಲ್ಲ, ಇನ್‌ವ್ಯಾಲಿಡ್ ಎಂದು ಕೇಳಿದರೂ ಅಲ್ಲ. ನಿಮ್ಮ ಷರತ್ತು ಸೋಲುವುದು ಅಲ್ಲಿಯೇ. ‘ವ್ಯಾಲಿಡ್ ಅಲ್ಲದಿದ್ದರೆ’ ಎಂದು ತಿರುಗಿಸಿ ಬರೆದರೆ ಬಟನ್ ಮುಚ್ಚುತ್ತದೆ. ಆದರೂ ನನಗೆ ಬಟನ್ ಮುಚ್ಚುವುದು ಇಷ್ಟವಿಲ್ಲ. ಏಕೆ ಒತ್ತಲಾಗುತ್ತಿಲ್ಲ ಎಂಬುದು ಸಂಘದ ಕಾರ್ಯದರ್ಶಿಗೆ ಹೇಗೆ ತಿಳಿಯಬೇಕು? ಒತ್ತಲು ಬಿಡಿ. ಒತ್ತಿದ ಮೇಲೆ, ಸ್ಥಿತಿ ಬದಲಾದಾಗ ತಿಳಿಸುವ ಸ್ಟೇಟಸ್‌ಚೇಂಜಸ್ ಅನ್ನು ಗಮನಿಸಿ, ಸ್ಥಿತಿ ಪೆಂಡಿಂಗ್‌ನಿಂದ ಹೊರಬಂದ ಮೊದಲ ಕ್ಷಣದಲ್ಲಿ ಮುಂದುವರಿಯಿರಿ. ಈಗಿನ ಸ್ಥಿತಿಯನ್ನು ಸ್ಟಾರ್ಟ್‌ವಿತ್ ಮೂಲಕ ಮೊದಲೇ ಕೊಡಿ. ಇಲ್ಲದಿದ್ದರೆ ಯಾವ ಪರಿಶೀಲನೆಯೂ ನಡೆಯದಿರುವಾಗ ಅದು ಸುಮ್ಮನೆ ಕಾಯುತ್ತಾ ಕೂರುತ್ತದೆ. ಈ ಹೊತ್ತಿನಲ್ಲಿ ಫೀಲ್ಡ್‌ನ ಕೆಳಗೆ ‘ಪರಿಶೀಲಿಸಲಾಗುತ್ತಿದೆ’ ಎಂಬ ಸಾಲು ಕಾಣಲಿ.

ಸಿಕ್ಕಿಹಾಕಿಕೊಳ್ಳಲು ಕಾರಣ ವೈಫಲ್ಯವನ್ನು ಹಿಡಿಯುವ ಕ್ಯಾಚ್‌ಎರರ್ ಇಲ್ಲದಿರುವುದು. ವಿನಂತಿ ವಿಫಲವಾದರೆ ನಲ್ ಹಿಂತಿರುಗಿಸಿ, ಪಕ್ಕದಲ್ಲಿ ‘ಈಗ ಪರಿಶೀಲಿಸಲು ಆಗಲಿಲ್ಲ, ಸಲ್ಲಿಸುವಾಗ ನೋಡುತ್ತೇವೆ’ ಎಂದು ತಿಳಿಸಿ. ಸರ್ವರ್ ಸಿಗಲಿಲ್ಲವೆಂದು ಸರಿಯಾದ ಕೋಡನ್ನು ತಪ್ಪೆನ್ನುವುದು ಅನ್ಯಾಯ.

‘ಸಲ್ಲಿಸುವಾಗ ನೋಡುತ್ತೇವೆ’ ಎಂಬ ಮಾತನ್ನು ನೀವು ನಿಜವಾಗಿಯೂ ಪಾಲಿಸಬೇಕು. ಬ್ರೌಸರಿನಲ್ಲಿ ನಡೆಯುವುದೆಲ್ಲ ತುಂಬುವವರ ಅನುಕೂಲಕ್ಕೆ ಮಾತ್ರ, ತೀರ್ಮಾನ ಡೇಟಾಬೇಸಿನದು. ಒಂದೇ ಮೊಬೈಲ್ ಸಂಖ್ಯೆಯನ್ನು ಇಬ್ಬರು ಒಂದೇ ಹೊತ್ತಿನಲ್ಲಿ ತುಂಬಿದರೆ ಇಬ್ಬರಿಗೂ ‘ಲಭ್ಯವಿದೆ’ ಎಂದೇ ಉತ್ತರ ಹೋಗುತ್ತದೆ. ಟೇಬಲ್‌ನಲ್ಲಿ ಯುನೀಕ್ ನಿರ್ಬಂಧ (ಒಂದೇ ಮೌಲ್ಯ ಎರಡು ಸಲ ಬರದಂತೆ ತಡೆಯುವುದು) ಇರಲೇಬೇಕು. ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಾದರೆ ಎರಡನೆಯವರ ದಾಖಲೆಗೆ 23505 ಎಂಬ ದೋಷ ಬರುತ್ತದೆ. ಅದನ್ನು ಎಚ್‌ಟಿಟಿಪಿಯ 409 (ಘರ್ಷಣೆ) ಉತ್ತರವಾಗಿ ಕಳಿಸಿ, ಅದೇ ಫೀಲ್ಡ್‌ನ ಮೇಲೆ ಸೆಟ್‌ಎರರ್ಸ್ ಮೂಲಕ ತೋರಿಸಿ. ಸೆಟ್‌ಎರರ್ಸ್ ನಿಜಕ್ಕೂ ಉಪಯೋಗಕ್ಕೆ ಬರುವುದು ಇಲ್ಲಿ: ಸಂಖ್ಯೆ ತಿದ್ದಿದ ಕೂಡಲೇ ಆ ದೋಷ ತಾನಾಗಿ ಅಳಿಯುತ್ತದೆ.

ಇನ್ನೊಬ್ಬ ಸದಸ್ಯರು: ನನ್ನದು ಬಳಕೆದಾರ ಹೆಸರಿನ ಫೀಲ್ಡ್, ಅಲ್ಲಿ ಉದ್ದ ನಿಗದಿಯಿಲ್ಲ. ಒತ್ತುವುದು ನಿಲ್ಲುವ ತನಕ ಕಾಯಿಸುವ ಡಿಬೌನ್ಸ್‌ಟೈಮ್ ಹಾಕಿದರೂ ಅಕ್ಷರಕ್ಕೊಂದರಂತೆ ವಿನಂತಿ ಹೋಗುತ್ತಲೇ ಇದೆ.

ಉತ್ತರ: ಎಚ್‌ಟಿಟಿಪಿ ಕರೆಯ ಹಿಂದೆ ಡಿಬೌನ್ಸ್‌ಟೈಮ್ ಜೋಡಿಸಿರುತ್ತೀರಿ. ಹಾಗೆ ಮಾಡಿದರೆ ಅದು ಅನ್ವಯಿಸುವುದು ಉತ್ತರಕ್ಕೆ, ವಿನಂತಿಗಲ್ಲ. ವ್ಯಾಲಿಡೇಟರ್ ಒಳಗೆ ಮೊದಲು 400 ಮಿಲಿಸೆಕೆಂಡಿನ ಟೈಮರ್, ಅದರ ಮೇಲೆ ಸ್ವಿಚ್‌ಮ್ಯಾಪ್ (ಟೈಮರ್ ಮುಗಿದಾಗ ಕರೆಗೆ ದಾಟಿಸುವುದು), ಅದರೊಳಗೆ ಕರೆ ಇರಲಿ. ಮುಂದಿನ ಅಕ್ಷರ ಒತ್ತಿದಾಗ ಟೈಮರೇ ರದ್ದಾಗುತ್ತದೆ, ವಿನಂತಿ ಹೊರಡುವುದೇ ಇಲ್ಲ. ಫೀಲ್ಡ್‌ನಿಂದ ಹೊರಬಂದಾಗಷ್ಟೇ ಮೌಲ್ಯ ತೆಗೆದುಕೊಳ್ಳುವ ಅಪ್‌ಡೇಟ್‌ಆನ್ ಬ್ಲರ್ ಆಯ್ಕೆಯೂ ಇದೆ. ಆದರೆ ಫೀಲ್ಡ್‌ನಿಂದ ಹೊರಬರದೆ ಎಂಟರ್ ಒತ್ತುವವರ ಹೊಸ ಮೌಲ್ಯ ಫಾರ್ಮ್‌ಗೆ ತಲುಪಿರುವುದಿಲ್ಲ, ಆದ್ದರಿಂದ ನಾನು ಟೈಮರ್‌ಗೇ ಮತ ಹಾಕುತ್ತೇನೆ.

ಮೊದಲು ಕೇಳಿದವರಿಗೆ ಇನ್ನೊಂದು ಮಾತು. ಮೊಬೈಲ್ ಸಂಖ್ಯೆಗೆ ಅಸಿಂಕ್ ಪರಿಶೀಲನೆ ಬೇಡ. ಲಾಗಿನ್ ಇಲ್ಲದ ಪುಟದಲ್ಲಿ ‘ಈ ಸಂಖ್ಯೆ ಈಗಾಗಲೇ ಇದೆ’ ಎಂದರೆ, ಯಾರು ಸಂಘದ ಸದಸ್ಯರು ಎಂಬುದನ್ನು ದಾರಿಹೋಕರೂ ಒಂದೊಂದೇ ಸಂಖ್ಯೆ ಹಾಕಿ ತಿಳಿಯಬಹುದು. ಅಲ್ಲಿ ಹತ್ತು ಅಂಕಿಯ ರೂಪವನ್ನಷ್ಟೇ ನೋಡಿ, ಒಟಿಪಿ ಕಳಿಸಿ. ಒಟಿಪಿ ಸರಿಯಾಗಿ ತುಂಬಿದವರಿಗೆ ಮಾತ್ರ ಅವರ ಹಳೆಯ ನೋಂದಣಿಯ ವಿವರ ತೋರಿಸಿ.