ಕೆಂಪೋ ನೀಲಿಯೋ? ಸ್ಪಾಕೆನ್‌ಬರ್ಗ್ ದಾಯಾದಿಗಳ ಕಥೆ

ಭಾನುವಾರ ಮಧ್ಯಾಹ್ನ ಮಂಜನ ಮನೇಲಿ ಬಿಸಿಬೇಳೆ ಬಾತ್ ತಿಂದು ಎಲ್ರೂ ಸೋಫಾಗೆ ಅಂಟ್ಕೊಂಡು ಕೂತಿದ್ವಿ, ಹೊರಗೆ ಎಂದಿನ ಹಾಗೆ ಜಿಟಿಜಿಟಿ ಮಳೆ. ಮಂಜ ಹೋದ ವರ್ಷ ನೆದರ್‌ಲ್ಯಾಂಡ್ಸ್‌ನ ಆಮೆರ್ಸ್‌ಫೋರ್ಟ್‌ನಲ್ಲಿ ಮನೆ ಸಿಗದೆ ಸೈಕಲ್‌ನಲ್ಲಿ ಅರ್ಧ ಗಂಟೆ ದೂರದ ಬುನ್ಸ್‌ಕೋಟೆನ್-ಸ್ಪಾಕೆನ್‌ಬರ್ಗ್‌ಗೆ ಬಂದು ಸೇರ್ಕೊಂಡ. ಮೀನುಗಾರರ ಹಳ್ಳಿ, ಒಂದು ಪುಟ್ಟ ಬಂದರು, ಕಂದು ಬಣ್ಣದ ಹಳೇ ಮರದ ದೋಣಿಗಳು, ನೆಮ್ಮದಿಯಾಗಿರಬಹುದು ಅಂದ್ಕೊಂಡಿದ್ದ. ಪಾಪ.

"ಪುಟ್ಟನ್ನ ಫುಟ್ಬಾಲ್ ಕ್ಲಬ್‌ಗೆ ಸೇರಿಸ್ಬೇಕು ಕಣ್ರೋ, ಆದ್ರೆ ಯಾವ್ದಕ್ಕೆ ಅಂತಾನೇ ಗೊತ್ತಾಗ್ತಿಲ್ಲ," ಅಂದ.

"ಹತ್ತಿರ ಇರೋದಕ್ಕೆ ಸೇರ್ಸು, ಅದ್ರಲ್ಲೇನಿದೆ," ಅಂದೆ ನಾನು.

"ಎರಡೂ ಅಷ್ಟೇ ದೂರ ಕಣೋ! ಒಂದರ ಪಕ್ಕ ಒಂದಿದೆ. ವೆಸ್ಟ್‌ಮಾಟ್ ಅಂತ ಕ್ರೀಡಾಂಗಣ, ಒಂದೇ ರಸ್ತೆ, ಎಡಕ್ಕೆ ತಿರುಗಿದ್ರೆ ಕೆಂಪು, ಬಲಕ್ಕೆ ತಿರುಗಿದ್ರೆ ನೀಲಿ. ಕೆಂಪಿನೋರು ಐಸೆಲ್‌ಮೇರ್‌ಫೋಗೆಲ್ಸ್, ನೀಲಿಯೋರು ಎಸ್‌ವಿ ಸ್ಪಾಕೆನ್‌ಬರ್ಗ್."

"ಏನಂದೆ ಮೊದಲನೇದು?" ಅಂತ ಗಿರಿ ಕಿವಿ ಮುಂದೆ ತಂದ. ಮಂಜ ಮತ್ತೆ ಹೇಳಿದ. ಆ 'ಗ' ಅಕ್ಷರ ಡಚ್ಚರು ಹೇಳೋದು ಬೆಳಿಗ್ಗೆ ಬ್ರಷ್ ಮಾಡ್ತಾ ಗಂಟಲು ಕ್ಯಾಕರಿಸ್ತೀವಲ್ಲ ಹಾಗೆ, ಮಂಜನ ಅಮ್ಮ ಅಡುಗೆಮನೆಯಿಂದ "ನೀರು ಕುಡಿಯೋ" ಅಂತ ಕೂಗಿದ್ರು.

ಅಮ್ಮ ಮೂರು ತಿಂಗಳ ವೀಸಾದಲ್ಲಿ ಹಾಸನದಿಂದ ಬಂದಿದ್ದಾರೆ. ಅವರಿಗೆ ಫುಟ್ಬಾಲ್ ಗೊತ್ತಿಲ್ಲ, ಆದ್ರೆ ಜಗಳ ಯಾವ್ದಾದ್ರೂ ಸರಿ ಮೂಲ ಸಮೇತ ಅರ್ಥ ಆಗತ್ತೆ. ಕಾಫಿ ಟ್ರೇ ಹಿಡ್ಕೊಂಡೇ ಕೇಳಿದ್ರು, "ಒಂದೇ ಊರಿಗೆ ಎರಡು ಗ್ರೌಂಡ್ ಯಾಕೋ? ಭಾಗ ಆಗಿದ್ದಾ?"

"ಊರಲ್ಲಿರೋರೇ 20,000 ಚಿಲ್ಲರೆ ಜನ ಅಮ್ಮ. ನೀಲಿ ಕ್ಲಬ್ 1931ರಲ್ಲಿ ಹುಟ್ಟಿದ್ದು, ಕೆಂಪು ಮಾರನೇ ವರ್ಷ, 1932ರಲ್ಲಿ."

"ಒಂದೇ ವರ್ಷದ ಅಂತರ. ಸರಿ ಹಾಗಾದ್ರೆ, ದಾಯಾದಿಗಳೇ," ಅಂತ ಅಮ್ಮ ತೀರ್ಪು ಕೊಟ್ಟು ಕೂತ್ಕೊಂಡ್ರು. "ಊರಲ್ಲಿ ನಮ್ಮ ಗದ್ದೆ ಬದು ಪಕ್ಕ ಇರೋರೂ ಹಿಂಗೇ. ಮದುವೆಗೆ ಬರ್ತಾರೆ, ಊಟಾನೂ ಮಾಡ್ತಾರೆ, ಬದು ಮೇಲೆ ಮಾತ್ರ ಕಾಲಿಡಂಗಿಲ್ಲ."

ಸುಮ ನಮ್ಮಲ್ಲಿ ಓದೋಳು, ಎಲ್ಲಿಗೇ ಹೋದ್ರೂ ಮ್ಯೂಸಿಯಂ ಟಿಕೆಟ್ ತಗೊಂಡೇ ಬರೋಳು. ಅವಳು ಬಾಯಿ ಹಾಕಿದ್ಲು: "ಊರೇ ಮೊದಲು ಎರಡು ಇದ್ವು ಅಮ್ಮ. ಬುನ್ಸ್‌ಕೋಟೆನ್ ರೈತರದ್ದು, 1383ರಲ್ಲೇ ಅದಕ್ಕೆ ಪಟ್ಟಣದ ಹಕ್ಕು ಸಿಕ್ಕಿತ್ತು. ಸ್ಪಾಕೆನ್‌ಬರ್ಗ್ ಅನ್ನೋದು ನೀರಿನ ಅಂಚಲ್ಲಿದ್ದ ಮೀನುಗಾರರ ಕೇರಿ. ಬೆಳೀತಾ ಬೆಳೀತಾ ಎರಡೂ ಅಂಟ್ಕೊಂಡ್ವು. ಆಗ ಎದುರಿಗಿದ್ದದ್ದು ಸಮುದ್ರ, ಜೈಡರ್‌ಜೇ ಅಂತ, ಉಪ್ಪುನೀರು. 1916ರ ಜನವರೀಲಿ ಆ ಸಮುದ್ರ ಉಕ್ಕಿ ಬಂದು ಈ ಕಡೆ ಊರುಗಳನ್ನೆಲ್ಲ ಮುಳುಗಿಸ್ತು, ಸಾಕಪ್ಪಾ ಇದ್ರ ಸಹವಾಸ ಅಂತ ಸರ್ಕಾರ 1918ರಲ್ಲಿ ಕಾನೂನು ಮಾಡಿ ಸಮುದ್ರಕ್ಕೇ ಗೋಡೆ ಕಟ್ಟೋಕೆ ಹೊರಡ್ತು. ಮೂವತ್ತೆರಡು ಕಿಲೋಮೀಟರ್ ಒಡ್ಡು, 1932ರ ಮೇ ತಿಂಗಳಲ್ಲಿ ಪೂರ್ತಿ ಮುಚ್ಚಿದ್ರು. ಸಮುದ್ರ ಹೋಗಿ ಕೆರೆ ಆಯ್ತು, ಹೆಸರು ಐಸೆಲ್‌ಮೇರ್."

"ಅಂದ್ರೆ ಕ್ಲಬ್ಬೂ ಕೆರೇನೂ ಒಂದೇ ವರ್ಷ ಹುಟ್ಟಿದ್ದು!" ಅಂದೆ. ಐಸೆಲ್‌ಮೇರ್‌ಫೋಗೆಲ್ಸ್ ಅಂದ್ರೆ ಐಸೆಲ್‌ಮೇರ್ ಹಕ್ಕಿಗಳು. ಸಮುದ್ರದ ಮೀನು ಹಿಡಿದು ಬದುಕ್ತಿದ್ದ ಊರಿಗೆ ಸಮುದ್ರಾನೇ ಹೋಯ್ತು, ಅದರ ಜಾಗಕ್ಕೆ ಬಂದ ಕೆರೆ ಹೆಸರನ್ನೇ ಎದೆ ಮೇಲೆ ಹಾಕ್ಕೊಂಡು ಆಡ್ತಾರಲ್ಲ, ನನಗೆ ಆ ಧೈರ್ಯ ಇಷ್ಟ ಆಯ್ತು.

"ಅದರಲ್ಲೂ ಒಂದು ತಮಾಷೆ ಇದೆ ಕೇಳು," ಅಂದ್ಲು ಸುಮ. "ಆಮೇಲೆ ಎದುರುಗಡೆ ಇನ್ನೊಂದಷ್ಟು ನೀರು ಖಾಲಿ ಮಾಡಿ ಫ್ಲೇವೋಲ್ಯಾಂಡ್ ಅಂತ ನೆಲ ಎಬ್ಬಿಸಿದ್ರು, ದಕ್ಷಿಣದ ಭಾಗ ಒಣಗಿದ್ದು 1968ರಲ್ಲಿ. ಈಗ ಸ್ಪಾಕೆನ್‌ಬರ್ಗ್ ಮುಂದೆ ಇರೋದು ಐಸೆಲ್‌ಮೇರ್ ಅಲ್ಲವೇ ಅಲ್ಲ, ಏಮ್‌ಮೇರ್ ಅನ್ನೋ ಸಣ್ಣ ಪಟ್ಟಿ. ಹಕ್ಕಿ ಅಲ್ಲೇ ಇದೆ, ಕೆರೆ ದೂರ ಹೋಯ್ತು."

ಗಿರಿಗೆ ಈ ಜಲಚರಿತ್ರೆ ಬೋರ್ ಹೊಡೀತಿತ್ತು. ಅವನು ಐಂಡ್‌ಹೋವನ್‌ನಲ್ಲಿ ಕೆಲಸ ಮಾಡೋನು, ಹಾಗಾಗಿ ಪಿಎಸ್‌ವಿ ಭಕ್ತ. ಪಿಎಸ್‌ವಿ ಅಂದ್ರೆ ಫಿಲಿಪ್ಸ್ ಕಂಪನಿ ತನ್ನ ಕೆಲಸಗಾರರಿಗೆ 1913ರಲ್ಲಿ ಶುರುಮಾಡಿದ ಕ್ಲಬ್ಬು, ಇವನೇ ಬಲ್ಬ್ ಕಂಡುಹಿಡಿದಂಗೆ ಆಡ್ತಾನೆ. "ಈ ಹವ್ಯಾಸಿಗಳ ಅಮೆಚೂರ್ ಫುಟ್ಬಾಲ್ ಯಾರಿಗೆ ಬೇಕೋ, ಆಟ ನೋಡ್ಬೇಕು ಅಂದ್ರೆ ನಮ್ಮ ಸ್ಟೇಡಿಯಂಗೆ ಬಾ," ಅಂದ.

ಮಂಜ ಕಾಯ್ತಾ ಇದ್ದ ಅನ್ಸತ್ತೆ. "2023ರ ಏಪ್ರಿಲ್ 4, ಮಂಗಳವಾರ. ನಿಮ್ಮ ಪಿಎಸ್‌ವಿ ಎಲ್ಲಿತ್ತಪ್ಪಾ?"

ಗಿರಿ ಸುಮ್ಮನಾದ.

"ನಮ್ಮ ಊರಿಗೆ ಬಂದಿತ್ತು! ಇಡೀ ದೇಶದ ಡಚ್ ಕಪ್ ಸೆಮಿಫೈನಲ್ ಆಡೋಕೆ, ಇದೇ ವೆಸ್ಟ್‌ಮಾಟ್‌ಗೆ. ಫಾನ್ ನಿಸ್ಟೆಲ್‌ರಾಯ್ ಕೋಚು, ಬಂದು ನಮ್ಮ ಹಳ್ಳಿ ಗ್ರೌಂಡ್ ಪಕ್ಕ ಕೈಕಟ್ಕೊಂಡು ನಿಂತಿದ್ರು. ನೀಲಿಯೋರು ಆಗ ಮೂರನೇ ಮೆಟ್ಟಿಲಿನ ಲೀಗ್‌ನಲ್ಲಿ ಆಡೋ ಟೀಮು, ಜನವರೀಲಿ ಗ್ರೋನಿಂಗೆನ್‌ಗೆ ಹೋಗಿ 3-2, ಫೆಬ್ರವರೀಲಿ ಉಟ್ರೆಕ್ಟ್‌ಗೆ ಹೋಗಿ 4-1. ಅವರ ಮನೆಗೇ ನುಗ್ಗಿ ಹೊಡ್ದಿದ್ದು, ಎರಡೂ ಟಾಪ್ ಲೀಗ್ ಟೀಮ್‌ಗಳು ಕಣೋ."

"ಕೊನೆಗೆ ಗೆದ್ದೋರು ಯಾರು?"

"ನೀವೇ, 2-1. ಎರಡು ಒಂದು! ನಮ್ಮೂರಿನ ಮೇಲೆ ಹತ್ತು ಹೊಡೀಬೇಕಿತ್ತು ನೀವು, ಆ ವರ್ಷ ಕಪ್ಪೂ ನೀವೇ ಎತ್ಕೊಂಡ್ರಿ, ನಾಚಿಕೆ ಆಗ್ಬೇಕು."

ಆ ಮ್ಯಾಚ್ ನಡೆದಾಗ ಮಂಜ ಈ ಊರಿಗೆ ಇನ್ನೂ ಬಂದೇ ಇರಲಿಲ್ಲ ಅನ್ನೋದನ್ನ ಯಾರೂ ನೆನಪಿಸ್ಲಿಲ್ಲ, ಊರಭಿಮಾನಕ್ಕೆ ಹಿಂದಿನ ತಾರೀಕು ಹಾಕೋಕೆ ಎಲ್ರಿಗೂ ಹಕ್ಕಿದೆ.

"ಹಾಗಾದ್ರೆ ನೀಲಿ ಅಂತ ತೀರ್ಮಾನ ಆಯ್ತಲ್ಲ," ಅಂದೆ.

"ಅಲ್ಲೇ ಇರೋದು ತಂಟೆ. ಮೊನ್ನೆ ಶನಿವಾರ ಇಬ್ಬರ ಕ್ಯಾಂಟೀನ್‌ಗೂ ಹೋಗಿ ವಿಚಾರಿಸೋಣ ಅಂತ ಹೋದೆ. ಮಳೆ ಅಂತ ಕೈಗೆ ಸಿಕ್ಕಿದ ಜಾಕೆಟ್ ಹಾಕ್ಕೊಂಡು ಮೊದಲು ನೀಲಿಯೋರ ಕಡೆ ಹೊಕ್ಕೆ, ಬಾಗಿಲಲ್ಲಿ ನಿಂತಿದ್ದ ಒಬ್ಬ ತಾತ ನನ್ನ ಮೇಲಿಂದ ಕೆಳಗೆ ನೋಡಿ ಬಹಳ ಮರ್ಯಾದೆಯಿಂದ, 'ನಿಮ್ಮದು ಪಕ್ಕದ್ದು' ಅಂತ ಕೈ ತೋರಿಸ್ದ. ಆಮೇಲೆ ನೋಡ್ಕೋತೀನಿ, ಜಾಕೆಟ್ ಕೆಂಪು."

ಅಮ್ಮ ಬಿದ್ದು ಬಿದ್ದು ನಕ್ಕರು.

"ಸರಿ ಅಂತ ಅದೇ ಕಡೆ ಹೋದೆ. ಅಲ್ಲಿ ನನ್ನ ತಬ್ಕೊಳ್ಳೋದೊಂದೇ ಬಾಕಿ. ಬಾರ್ ಹಿಂದೆ ಇದ್ದ ಯಜಮಾನ್ರನ್ನ ನಾನು ಸುಮ್ನೆ ಕೇಳ್ದೆ, ಪಕ್ಕದೋರು ಸೆಮಿಫೈನಲ್ ಆಡಿದ್ರಂತಲ್ಲ ಅಂತ. ಅವರು ಗ್ಲಾಸ್ ಒರೆಸೋದು ನಿಲ್ಲಿಸಿ, ಬಟ್ಟೆ ಮಡಚಿ, ಕೆಳಗಿಟ್ಟು, ಒಂದೇ ಒಂದು ಮಾತು ಹೇಳಿದ್ರು: 1975."

"ಏನದು, ಪಿನ್ ನಂಬರ್ರಾ?" ಅಂದ ಗಿರಿ.

"ಆ ವರ್ಷ ಕೆಂಪಿನೋರು ಕಪ್ ಸೆಮಿಫೈನಲ್‌ಗೆ ಹೋಗಿದ್ರು ಮಾರಾಯ, ಅಲ್ಲೀವರೆಗೂ ಹೋದ ಮೊದಲ ಅಮೆಚೂರ್ ಟೀಮ್. ಇಡೀ ದೇಶದ ವರ್ಷದ ಕ್ರೀಡಾತಂಡ ಅಂತ ಪ್ರಶಸ್ತಿ ಬೇರೆ. ಅಲ್ಲಿಂದ ಲೆಕ್ಕ ಹಾಕು, 48 ವರ್ಷ ನೀಲಿಯೋರು ಅದೇ ಕಥೆ ಕೇಳ್ಕೊಂಡು ಬದುಕಿದ್ರು. ಬ್ರೆಡ್ ತರೋಕೆ ಹೋದ್ರೂ 75, ಕಟಿಂಗ್‌ಗೆ ಹೋದ್ರೂ 75. ಮೊಮ್ಮಕ್ಕಳ ಕಾಲಕ್ಕೆ ಅಂತೂ ಅವರಿಗೂ ಒಂದು ಸಿಕ್ತು."

"ಅದಕ್ಕೇ ನಾನು ಹೇಳಿದ್ದು," ಅಂದ್ರು ಅಮ್ಮ, "ಒಬ್ಬರು ಮಹಡಿ ಕಟ್ಟಿದ್ರೆ ಇನ್ನೊಬ್ಬರು ಸಾಲ ಮಾಡಿಯಾದ್ರೂ ಕಟ್ತಾರೆ."

ಇಬ್ಬರೂ ಎದುರುಬದುರಾದ್ರೆ ಎಂಟು ಸಾವಿರದ ಹತ್ತಿರ ಜನ ಸೇರ್ತಾರಂತೆ, ಅಂದ್ರೆ ಊರಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚಿನ ಲೆಕ್ಕ. ಆವತ್ತು ಈ ಊರಲ್ಲಿ ಕಳ್ಳತನ ಮಾಡೋದು ಬಹಳ ಸುಲಭ ಅಂತ ಗಿರಿ ಐಡಿಯಾ ಕೊಟ್ಟ.

"ಆವತ್ತು ಅಂದ್ರೆ ಶನಿವಾರ," ಅಂದ್ಲು ಸುಮ. "ಇಲ್ಲಿ ಭಾನುವಾರ ಚರ್ಚು, ಬಾಲ್ ಮುಟ್ಟಂಗಿಲ್ಲ. ಈ ದೇಶದಲ್ಲಿ ಅಮೆಚೂರ್ ಫುಟ್ಬಾಲ್ ಬಹಳ ಕಾಲ ಶನಿವಾರದ್ದು ಬೇರೆ, ಭಾನುವಾರದ್ದು ಬೇರೆ. ಪ್ರಾಟೆಸ್ಟೆಂಟ್ ಊರುಗಳು ಶನಿವಾರ, ಕ್ಯಾಥೊಲಿಕ್ ಊರುಗಳು ಭಾನುವಾರ. ಅದಕ್ಕೂ ಮೊದಲು ಒಕ್ಕೂಟಗಳೇ ಬೇರೆ ಬೇರೆ ಇದ್ವು, ಕ್ಯಾಥೊಲಿಕ್‌ರದ್ದೊಂದು, ಪ್ರಾಟೆಸ್ಟೆಂಟ್‌ರದ್ದೊಂದು, ಕಾರ್ಮಿಕರದ್ದು ಇನ್ನೊಂದು. 1940ರಲ್ಲಿ ಜರ್ಮನ್ನರು ಬಂದು ಕೂತ ಮೇಲೆ ಎಲ್ಲಾ ಒಂದೇ ಸೂರಿನಡಿ ಬಂದ್ವು."

"ಆಡೋಕೂ ಜಾತಿವಾರು ಪಂಕ್ತಿನಾ!" ಅಂದ್ರು ಅಮ್ಮ, ಸ್ವಲ್ಪ ಸಮಾಧಾನದಿಂದಾನೇ, ನಮ್ಮಲ್ಲಿ ಮಾತ್ರ ಅಲ್ಲ ಅಂತ.

ನನಗೆ ಇದೆಲ್ಲಕ್ಕಿಂತ ಹುಚ್ಚು ಅನ್ಸಿದ್ದು 2011ರ ಕಥೆ. ಹಿಂದಿನ ವರ್ಷ ಟಾಪ್‌ಕ್ಲಾಸ್ಸೆ ಅಂತ ಅಮೆಚೂರ್‌ಗಳಿಗೇ ಹೊಸ ದೊಡ್ಡ ಲೀಗ್ ಮಾಡಿದ್ರು, ಶನಿವಾರದ ಚಾಂಪಿಯನ್ನೂ ಭಾನುವಾರದ ಚಾಂಪಿಯನ್ನೂ ಕೊನೆಗೆ ಕುಸ್ತಿ ಆಡಿ ಗೆದ್ದೋರು ಪ್ರೊಫೆಷನಲ್ ಲೀಗ್‌ಗೆ ಹೋಗ್ಬಹುದು ಅಂತ. ಮೊದಲನೇ ವರ್ಷಾನೇ ಕೆಂಪಿನೋರು ಗೆದ್ದುಬಿಟ್ರು. ಗೆದ್ದು, ಬಹಳ ಸಂತೋಷ, ಆದ್ರೆ ಪ್ರಮೋಷನ್ ಬೇಡ, ಅಂದ್ರು. ಅವರ ಬದಲು ಸೋತ ಎಫ್‌ಸಿ ಓಸ್ ಮೇಲಕ್ಕೆ ಹೋಯ್ತು.

"ಬೇಡ ಅಂದ್ರಾ?" ಗಿರಿ ಎದ್ದು ಕೂತ. ಅವನು ನಾಲ್ಕು ವರ್ಷದಿಂದ ಪ್ರಮೋಷನ್‌ಗೆ ಕಾಯ್ತಿದಾನೆ, ಅಪ್ರೈಸಲ್ ಅನ್ನೋ ಪದ ಕೇಳಿದ್ರೆ ಎಡಗಣ್ಣು ಅದುರತ್ತೆ. "ಯಾವನಾದ್ರೂ ಬೇಡ ಅಂತಾನಾ?"

"ಲೆಕ್ಕ ನೋಡು," ಅಂದ ಮಂಜ, ಈಗ ಅವನೇ ಕ್ಲಬ್ ಖಜಾಂಚಿ ಥರ. "ಮೇಲೆ ಹೋದ್ರೆ ಸಂಬಳ, ಸ್ಟೇಡಿಯಂ, ಸೆಕ್ಯುರಿಟಿ ಅಂತ ಖರ್ಚು. ಎಲ್ಲಿದಾರೋ ಗೊತ್ತಿಲ್ಲದ ಊರಿನ ಟೀಮ್ ಜೊತೆ ಆಡ್ಬೇಕು, ನೋಡೋಕೆ ಯಾರು ಬರ್ತಾರೆ? ಅದೇ ಕೆಳಗಿದ್ರೆ ಪಕ್ಕದ ಮನೆಯೋರ ಜೊತೆ ಆಡಬಹುದು, ಎಂಟು ಸಾವಿರ ಜನ, ಕ್ಯಾಂಟೀನ್ ತುಂಬ ವ್ಯಾಪಾರ."

"ಬುದ್ಧಿವಂತರು," ಅಂದ್ರು ಅಮ್ಮ. "ದಾಯಾದಿ ಬಿಟ್ಟು ಹೋದ್ರೆ ಜೀವನದಲ್ಲಿ ಏನಿರತ್ತೆ."

ಇಲ್ಲಿ ಸುಮ ಮೊಬೈಲ್ ತೆಗೆದು ಕ್ಲಬ್‌ಗಳ ಹೆಸರು ಓದೋಕೆ ಶುರುಮಾಡಿದ್ಲು, ವಿಷಯ ಬಿಟ್ಟು ವಿಷಯ, ಆದ್ರೆ ಯಾರೂ ತಡೀಲಿಲ್ಲ. ಡಚ್ಚರ ಕ್ಲಬ್ ಹೆಸರಲ್ಲಿ ಅರ್ಧಕ್ಕರ್ಧ ಬರೀ ಅಕ್ಷರಗಳು, ಬಿಡಿಸಿದ್ರೆ ನೀತಿಪಾಠ. ಡಿವಿಎಸ್ ಅಂದ್ರೆ 'ಗೆಳೆತನದಿಂದ ಬಲ'. ಓಡಿನ್ ಅಂದ್ರೆ ದೇವ್ರ ಹೆಸರು ಅಂದ್ಕೊಂಡ್ರೆ 'ದುಡಿಮೆಯಿಂದ ವಿಶ್ರಾಂತಿ'. ಬ್ರೆಡಾ ಊರಿನ ಎನ್‌ಎಸಿ ಪೂರ್ತಿ ಬಿಡಿಸಿದ್ರೆ 'ಎಂದೂ ಸೋಲೊಪ್ಪಬೇಡ ಸದಾ ಮುನ್ನುಗ್ಗು, ಮನರಂಜನೆಯಿಂದ ಹಿತ ವಿರಾಮದಿಂದ ಉಪಯೋಗ, ಕೂಟ'.

"ಇದು ಆಟೋ ಹಿಂದೆ ಬರೆಯೋದಲ್ವಾ," ಅಂದೆ. 'ತಾಯಿಯ ಆಶೀರ್ವಾದ' ಒಂದು ಕಮ್ಮಿ ಅಷ್ಟೇ.

"ಮೊದಲು ಶುರುಮಾಡಿದ್ದೇ ಹುಡುಗರು," ಅಂದ್ಲು ಸುಮ, "ಹಾರ್ಲೆಮ್‌ನಲ್ಲಿ 1879ರಲ್ಲಿ ಪಿಮ್ ಮೂಲಿಯರ್ ಅನ್ನೋ ಹದಿನಾಲ್ಕು ವರ್ಷದೋನು ಕ್ಲಬ್ ಕಟ್ಟಿದ. ಮೊದಲು ರಗ್ಬಿ ಆಡ್ತಿದ್ರು, ಆಮೇಲೆ ಫುಟ್ಬಾಲ್‌ಗೆ ಬದಲಾಯಿಸ್ಕೊಂಡ್ರು. ಆ ಕ್ಲಬ್ ಇವತ್ತಿಗೂ ಇದೆ, ಅಮೆಚೂರ್ ಆಗೇ. ದೇಶದಲ್ಲಿ ದುಡ್ಡು ಕೊಟ್ಟು ಆಡ್ಸೋದು ಶುರುವಾಗಿದ್ದೇ 1954ರಲ್ಲಿ, ಅಲ್ಲೀವರೆಗೂ ಎಲ್ರೂ ಅಮೆಚೂರ್‌ಗಳೇ."

ಅಷ್ಟೊತ್ತಿಗೆ ನನ್ನ ಪ್ರಶ್ನೆ ಹಾಗೇ ಉಳ್ಕೊಂಡಿತ್ತು. "ಮಂಜ, ಕ್ಯಾಂಟೀನ್‌ಲ್ಲಿ ಏನು ತಿಂದೆ?"

ಅವನ ಮುಖ ಬಾಡ್ತು. ಬಿಟ್ಟರ್‌ಬಾಲೆನ್ ಅಂತ ಉಂಡೆ ಉಂಡೆ ಬಂತಂತೆ, ಬೋಂಡಾ ಅಂದ್ಕೊಂಡು ಕೈ ಹಾಕ್ಬೇಕು, ಪಕ್ಕದೋರು ಒಳಗೆ ದನದ ಮಾಂಸ ಅಂದ್ರಂತೆ. ಹಾಗಾದ್ರೆ ಸಸ್ಯಾಹಾರ ಯಾವ್ದು ಅಂದ್ರೆ ಕಾಸ್‌ಸುಫ್ಲೆ ಕೊಟ್ರು, ಎಣ್ಣೇಲಿ ಕರಿದ ಲಕೋಟೆ, ಒಳಗೆ ಕರಗಿದ ಚೀಸ್. ಆತುರದಲ್ಲಿ ಕಚ್ಚಿದಾನೆ, ಚೀಸ್ ಅಂಗುಳಿಗೆ ಅಂಟ್ಕೊಂಡು ಸುಟ್ಟು ಮೂರು ದಿನ ಮೊಸರನ್ನ. ಮ್ಯಾಚ್ ಮುಗಿದ ಮೇಲೆ ಕೂತು ಕುಡಿಯೋದಕ್ಕೆ ಇಲ್ಲಿ 'ಮೂರನೇ ಹಾಫ್' ಅಂತಾರೆ, ಮಂಜ ಆ ಮೂರನೇ ಹಾಫ್‌ನಲ್ಲಿ ಗಾಯಗೊಂಡ ಒಬ್ಬನೇ ಆಟಗಾರ.

ಆದ್ರೂ ಅವನು ಬಂದರಿನ ಹತ್ತಿರ ಕಂಡ ಒಂದು ವಿಷಯ ಹೇಳಿದ, ನನಗೆ ಅದೇ ನೆನಪಲ್ಲಿ ಉಳೀತು. ಒಬ್ಬ ಅಜ್ಜಿ ಸೈಕಲ್ ತಳ್ಕೊಂಡು ಹೋಗ್ತಿದ್ರಂತೆ, ಮೈಮೇಲೆ ಹಳೇ ಉಡುಪು. ಭುಜದ ಮೇಲೆ ಕ್ರಾಪ್‌ಲಾಪ್ ಅಂತ ಹೂವಿನ ಚಿತ್ತಾರದ ಬಟ್ಟೆ, ಗಂಜಿ ಹಾಕಿ ಹಾಕಿ ರಟ್ಟಿನ ಹಾಗೆ ಮಾಡಿರ್ತಾರೆ, ಭುಜದ ಎರಡೂ ಕಡೆ ಚಾಚಿಕೊಂಡಿರತ್ತೆ. ಈಗ ದಿನಾ ಉಡೋರು ಬೆರಳೆಣಿಕೆಯಷ್ಟು ಜನ. ಆ ಸೈಕಲ್ ಹ್ಯಾಂಡಲ್‌ಗೆ ಸಿಕ್ಕಿಸಿದ್ದ ಚೀಲದಿಂದ ಫುಟ್ಬಾಲ್ ಸ್ಕಾರ್ಫ್ ಇಣುಕ್ತಿತ್ತಂತೆ.

"ಕೆಂಪೋ ನೀಲಿಯೋ?" ಮೂವರೂ ಒಟ್ಟಿಗೆ ಕೇಳಿದ್ವಿ.

"ಹೇಳಲ್ಲ. ಪುಟ್ಟನ ತೀರ್ಮಾನದ ಮೇಲೆ ಪ್ರಭಾವ ಬೀರತ್ತೆ."

"ಪುಟ್ಟನ ತೀರ್ಮಾನ ಏನು ಬಂತು," ಅಂತ ಅಮ್ಮ ಎದ್ರು, "ಬಟ್ಟೆ ಒಗೆಯೋರು ಯಾರು ಅಲ್ಲಿ?"

ಮಂಜ ಗಂಟಲು ಸರಿಮಾಡ್ಕೊಂಡ, ಈ ಸಲ ಡಚ್ ಅಲ್ಲ. ಇಲ್ಲಿ ಮಕ್ಕಳ ಟೀಮ್‌ನ ಇಡೀ ಬ್ಯಾಗು ಅಪ್ಪ ಅಮ್ಮಂದಿರು ಸರದಿ ಮೇಲೆ ಮನೆಗೆ ತಂದು ಒಗೀಬೇಕು, ಜೊತೆಗೆ ಬಾರ್ ಡ್ಯೂಟಿ ಬೇರೆ ಹಾಕ್ತಾರೆ, ಕಾಫಿ ಹಾಕಿಕೊಡೋದು, ಆಲೂಗಡ್ಡೆ ಕರಿಯೋದು.

"ಹಾಗಾದ್ರೆ ನೀಲಿ," ಅಂದ್ರು ಅಮ್ಮ. "ಕೆಂಪು ಬಣ್ಣ ಬಿಡತ್ತೆ. ನನ್ನ ಬಿಳೀ ಸೀರೆ ಜೊತೆ ಹಾಕಿಬಿಟ್ರೆ ಮುಗೀತು ಕಥೆ."

ತೊಂಬತ್ತು ವರ್ಷದ ಜಗಳಕ್ಕೆ ವಾಷಿಂಗ್ ಮಷೀನ್ ಪರಿಹಾರ ಸಿಕ್ತು ಅಂತ ನಾವು ಚಪ್ಪಾಳೆ ತಟ್ಟೋಷ್ಟರಲ್ಲಿ ಪುಟ್ಟ ಮೇಲಿಂದ ಇಳಿದು ಬಂದ. ಯಾವ ಕ್ಲಬ್ ಬೇಕೋ ಅಂದ್ರೆ, ಅವನ ಕ್ಲಾಸಲ್ಲಿ ಪಕ್ಕ ಕೂರೋ ಹುಡುಗ ಕೆಂಪಂತೆ, ಹಿಂದೆ ಕೂರೋಳು ನೀಲಿಯಂತೆ, ಇವನು ಇಬ್ಬರಿಗೂ ಆಗಲೇ ಹೂಂ ಅಂದಿದಾನಂತೆ.

ಅಮ್ಮ ಮಂಜನ ಕೆಂಪು ಜಾಕೆಟ್ ಎತ್ಕೊಂಡು ಬಕೆಟ್‌ನಲ್ಲಿ ನೆನೆಹಾಕೋಕೆ ಹೋದ್ರು, ಬಣ್ಣ ಬಿಡತ್ತಾ ಇಲ್ವಾ ನೋಡೇಬಿಡೋಣ ಅಂತ.