ಜೇಮ್ಸ್ ವೆಬ್ ಇರುವಾಗ ನೆಲದ ಮೇಲಿನ ಅವಕೆಂಪು ಸರ್ವೇ ಯಾಕೆ?

ಪ್ರಶ್ನೆ: ಮೇಡಂ ನಮಸ್ತೆ. ನಾನು ಬಿ.ಎಸ್ಸಿ. ಕೊನೆ ವರ್ಷ. ನೀವು ಪಿಎಚ್.ಡಿ.ಗೆ ಯುಕಿಡ್ಸ್ ಅನ್ನೋ ಅವಕೆಂಪು ಆಕಾಶ ಸರ್ವೇ ಬಳಸಿದ್ದೆ ಅಂತ ಬರೆದಿದ್ರಿ. ಅದು ಹವಾಯಿಯ 3.8 ಮೀಟರ್ ದೂರದರ್ಶಕದಿಂದ ಮಾಡಿದ್ದು. ಈಗ ಬಾಹ್ಯಾಕಾಶದಲ್ಲಿ ಜೇಮ್ಸ್ ವೆಬ್ ದೂರದರ್ಶಕ ಇದೆ ಅಲ್ವಾ? ಹಳೆ ಡೇಟಾದಿಂದ ಇನ್ನೂ ಏನು ಉಪಯೋಗ? ಅದೂ ಅವಕೆಂಪಿನಲ್ಲೇ ಯಾಕೆ?

ಉತ್ತರ: ಮೊದಲು ಅವಕೆಂಪಿನ ವಿಷಯ, ಅಂದರೆ ಕೆಂಪಿಗಿಂತ ಉದ್ದ ಅಲೆಯ, ಕಣ್ಣಿಗೆ ಕಾಣದ ಬೆಳಕು. ವಯಸ್ಸಾದ ನಕ್ಷತ್ರಗಳಿಂದಲೇ ತುಂಬಿದ ಗೆಲಾಕ್ಸಿಯ ಬೆಳಕು ಸುಮಾರು 400 ನ್ಯಾನೋಮೀಟರ್ ಹತ್ತಿರ ಒಮ್ಮೆಲೇ ಏರುತ್ತದೆ, ಅದಕ್ಕಿಂತ ನೀಲಿ ಕಡೆ ಮಂಕು. ಅಂಥ ಗೆಲಾಕ್ಸಿ ಕೆಂಪು ಪಲ್ಲಟ 2ರಲ್ಲಿದ್ದರೆ, ಅಂದರೆ ಬೆಳಕು ಹೊರಟು 1,000 ಕೋಟಿ ವರ್ಷ ಆಗಿದ್ದರೆ, ವಿಶ್ವ ಹಿಗ್ಗಿದ ಹಾಗೆ ಅದರ ಬೆಳಕಿನ ಎಲ್ಲ ಅಲೆಗಳೂ ಮೂರು ಪಟ್ಟು ಹಿಗ್ಗಿರುತ್ತವೆ. ಆ ಏರು 1,200 ನ್ಯಾನೋಮೀಟರಿಗೆ ಬಂದು ನಿಲ್ಲುತ್ತದೆ. ಮಾಮೂಲಿ ಕ್ಯಾಮೆರಾದ ಸಿಲಿಕಾನ್ 1,100ರ ಹೊತ್ತಿಗೇ ಕುರುಡು. ಹಾಗಾಗಿ ನೀವು ಕಣ್ಣಿಗೆ ಕಾಣುವ ಬೆಳಕಿನಲ್ಲಿ ಎಷ್ಟು ಹೊತ್ತು ಫೋಟೋ ತೆಗೆದರೂ ಆ ಕಾಲದ ದೊಡ್ಡ, ಹಳೆಯ ಗೆಲಾಕ್ಸಿಗಳೇ ಕೈತಪ್ಪಿ ಹೋಗುತ್ತವೆ.

ಈಗ ವೆಬ್. ಅದು ಅದ್ಭುತ, ಎರಡು ಮಾತಿಲ್ಲ. ಆದರೆ ಅದರ ಅವಕೆಂಪು ಕ್ಯಾಮೆರಾ ಒಂದು ಸಲಕ್ಕೆ ನೋಡುವುದು ಸುಮಾರು 10 ಚದರ ಆರ್ಕ್‌ಮಿನಿಟ್ (ಒಂದು ಡಿಗ್ರಿಯಲ್ಲಿ ಅರವತ್ತು ಆರ್ಕ್‌ಮಿನಿಟ್). ಯುಕಿಡ್ಸ್‌ನ ಅತಿ ಆಳದ, ಅಂದರೆ ಅತಿ ಮಂಕು ವಸ್ತುಗಳನ್ನೂ ಹಿಡಿಯುವ, ಭಾಗ ಯುಡಿಎಸ್, ತಿಮಿಂಗಿಲ ನಕ್ಷತ್ರಪುಂಜದಲ್ಲಿ 0.77 ಚದರ ಡಿಗ್ರಿ, ನಾಲ್ಕು ಹುಣ್ಣಿಮೆ ಚಂದ್ರರನ್ನು ಪಕ್ಕಪಕ್ಕ ಇಟ್ಟಷ್ಟು ಜಾಗ. ವೆಬ್ ಅಷ್ಟನ್ನೂ ಮುಚ್ಚಬೇಕಾದರೆ ಹತ್ತಿರ ಹತ್ತಿರ 280 ಸಲ ಗುರಿ ಬದಲಿಸಬೇಕು. ಗೆಲಾಕ್ಸಿಗಳು ಸಮವಾಗಿ ಹರಡಿಕೊಂಡಿಲ್ಲ, ಗುಂಪು ಗುಂಪಾಗಿ ಇರುತ್ತವೆ. ಸಣ್ಣ ಚೂರು ನೋಡಿ ಲೆಕ್ಕ ಹಾಕಿದರೆ ಸಂತೆ ದಿನ ಒಂದು ಬೀದಿ ನೋಡಿ ಊರಿನ ಜನ ಎಣಿಸಿದ ಹಾಗೆ. ವೆಬ್‌ನ ಪ್ರೈಮರ್ ಸರ್ವೇ ಕೂಡ ಇದೇ ಯುಡಿಎಸ್‌ನ ಒಂದು ಭಾಗವನ್ನು ಆರಿಸಿಕೊಂಡಿದ್ದು ಸುಮ್ನೆ ಅಲ್ಲ.

ಅಪರೂಪದ ವಸ್ತುಗಳಿಗಂತೂ ಅಗಲವೇ ಬೇಕು. 2011ರಲ್ಲಿ ಪ್ರಕಟವಾದ 7.085 ಕೆಂಪು ಪಲ್ಲಟದ ಕ್ವೇಸಾರ್ (ದೈತ್ಯ ಕಪ್ಪು ಕುಳಿಗೆ ಬೀಳುವ ಅನಿಲದಿಂದ ಹೊಳೆಯುವ ಗೆಲಾಕ್ಸಿ ನಡುಭಾಗ) ಸಿಕ್ಕಿದ್ದು ಯುಕಿಡ್ಸ್‌ನ ಇನ್ನೊಂದು ಭಾಗದಲ್ಲಿ, ಆಳ ಕಡಿಮೆ ಆದರೆ ಸಾವಿರಾರು ಚದರ ಡಿಗ್ರಿಯ ಸರ್ವೇಯಲ್ಲಿ. ವಿಶ್ವಕ್ಕೆ 80 ಕೋಟಿ ವರ್ಷವೂ ತುಂಬಿರದ ಕಾಲದ್ದು. ಅಷ್ಟರಲ್ಲೇ ಅದರ ಕಪ್ಪು ಕುಳಿ ಸುಮಾರು 200 ಕೋಟಿ ಸೂರ್ಯರಷ್ಟು ತೂಕ!

ಪ್ರಶ್ನೆ: ನೆಲದಿಂದ ಅವಕೆಂಪು ನೋಡೋದು ಕಷ್ಟ ಅಂತಾರಲ್ಲ, ನಿಜಾನಾ ಮೇಡಂ?

ಉತ್ತರ: ತುಂಬಾ ನಿಜ. ಗಾಳಿಯ ನೀರಾವಿ ಬಹಳಷ್ಟು ಅವಕೆಂಪನ್ನು ನುಂಗಿಬಿಡುತ್ತದೆ. ನಡುವೆ ಉಳಿದ ಕಿಟಕಿಗಳೇ ಜೆ, ಎಚ್, ಕೆ ಬ್ಯಾಂಡ್‌ಗಳು. ಅದಕ್ಕೇ ದೂರದರ್ಶಕವನ್ನು ಮೌನಾ ಕೇಯ ಮೇಲೆ, 4,200 ಮೀಟರ್ ಎತ್ತರದ ಒಣ ಗಾಳಿಯಲ್ಲಿ ಇಟ್ಟಿದ್ದು. ಅಲ್ಲೂ ರಾತ್ರಿ ಆಕಾಶ ಕಪ್ಪಗಿಲ್ಲ. ಸುಮಾರು 87 ಕಿ.ಮೀ. ಮೇಲೆ ಹೈಡ್ರಾಕ್ಸಿಲ್ (ಆಮ್ಲಜನಕ, ಜಲಜನಕ ಸೇರಿದ ಅಣು) ಮಿನುಗುತ್ತಿರುತ್ತದೆ, ಕೆ ಬ್ಯಾಂಡಿನಲ್ಲಿ ದೂರದರ್ಶಕದ ಸ್ವಂತ ಬಿಸಿಯೂ ಸೇರುತ್ತದೆ.

ನಾನು ಮೊದಲ ಸಲ ಒಂದು ಕಚ್ಚಾ ಫ್ರೇಮ್ ತೆರೆದಾಗ ಬರೀ ಬೂದು ಬಣ್ಣ, ಅಲ್ಲಲ್ಲಿ ನಾಲ್ಕಾರು ನಕ್ಷತ್ರ. ಗೆಲಾಕ್ಸಿ ಎಲ್ಲಿ ಅಂತ ಹುಡುಕಿದೆ. ಆಕಾಶದ ಹೊಳಪು ನಮಗೆ ಬೇಕಾದ ಗೆಲಾಕ್ಸಿಗಿಂತ ಸಾವಿರಾರು ಪಟ್ಟು ಜಾಸ್ತಿ! ಹಾಗಾಗಿ ಕೆಲವೇ ಸೆಕೆಂಡುಗಳ ಫೋಟೋಗಳನ್ನು, ಪ್ರತಿ ಸಲ ಸ್ವಲ್ಪ ಸ್ವಲ್ಪ ಸರಿಸಿ, ರಾಶಿ ತೆಗೆಯುತ್ತಾರೆ. ಅವುಗಳಿಂದಲೇ ಆಕಾಶದ ಹೊಳಪು ಎಷ್ಟು ಅಂತ ಅಂದಾಜು ಮಾಡಿ ಕಳೆಯುತ್ತಾರೆ. ಆಮೇಲೆ ಎಲ್ಲ ಒಂದರ ಮೇಲೊಂದು ಕೂಡಿಸುವುದು. 2005ರಲ್ಲಿ ಶುರುವಾದ ಈ ಕೆಲಸ ವರ್ಷಗಟ್ಟಲೆ ನಡೆಯಿತು. ಕೂಡಿಸಿದ ಚಿತ್ರದಲ್ಲಿ ಅದೇ ಬೂದು ಜಾಗ ಚುಕ್ಕಿಗಳಿಂದ ತುಂಬಿರುತ್ತದೆ. ಒಂದು ಕೆಂಪು ಚುಕ್ಕಿ ನನಗೆ ಇನ್ನೂ ನೆನಪಿದೆ, ಕೆ ಬ್ಯಾಂಡಿನಲ್ಲಿ ಸ್ಪಷ್ಟ, ಕಾಣುವ ಬೆಳಕಿನ ಚಿತ್ರದಲ್ಲಿ ಅದೇ ಜಾಗ ಖಾಲಿ.

ಪ್ರಶ್ನೆ: ನಮ್ಮ ಲಡಾಖ್‌ನ ಹಾನ್ಲೆ ವೀಕ್ಷಣಾಲಯದಿಂದ ಇಂಥದ್ದು ಆಗಲ್ವಾ?

ಉತ್ತರ: ಹಾನ್ಲೆ ಸುಮಾರು 4,500 ಮೀಟರ್, ಗಾಳಿಯೂ ಒಣ, ಜಾಗ ಬಹಳ ಚೆನ್ನಾಗಿದೆ. ಅಲ್ಲಿನ 2 ಮೀಟರ್ ದೂರದರ್ಶಕವನ್ನು ನಮ್ಮ ಹೊಸಕೋಟೆಯಿಂದಲೇ ಉಪಗ್ರಹ ಸಂಪರ್ಕದಲ್ಲಿ ನಡೆಸುತ್ತಾರೆ, ಅವಕೆಂಪು ಉಪಕರಣವೂ ಇದೆ. ಆದರೆ ಅದು ನೋಡುವ ಆಕಾಶ ಚಿಕ್ಕದು, ಒಂದೊಂದೇ ವಸ್ತುವಿಗೆ ಸರಿ. ನಿಮಗೆ ಆಸಕ್ತಿ ಇದ್ದರೆ ಯುಡಿಎಸ್ ಚಿತ್ರಗಳೇ ಎಲ್ಲರಿಗೂ ಉಚಿತವಾಗಿ ಸಿಗುತ್ತವೆ. ಇಳಿಸಿಕೊಂಡು ಜೆ ಮತ್ತು ಕೆ ಅಕ್ಕಪಕ್ಕ ಇಟ್ಟು ನೋಡಿ, ಏನು ಕಂಡಿತು ಅಂತ ಇಲ್ಲೇ ಬರೆಯಿರಿ.