‘ಗಾರ್ಬಲ್’ ಎಂದರೆ ಹಸನು ಮಾಡುವುದೋ, ತಿರುಚುವುದೋ?

ಪ್ರಶ್ನೆ (ದಾವಣಗೆರೆ)
ಇಂಗ್ಲಿಷ್ ವರದಿಯೊಂದನ್ನು ಕನ್ನಡಕ್ಕೆ ತರುವಾಗ, ಒಬ್ಬರ ಹೇಳಿಕೆಯನ್ನು ‘ಗಾರ್ಬಲ್’ ಮಾಡಲಾಗಿದೆ ಎಂಬ ಮಾತು ಎದುರಾಯಿತು. ನಿಘಂಟು ನೋಡಿ ‘ತಿರುಚಲಾಗಿದೆ’ ಎಂದು ಬರೆದೆ. ಆದರೆ ಚೌಕಿಪೇಟೆಯಲ್ಲಿ ಕಾಳುಮೆಣಸಿನ ವ್ಯಾಪಾರ ಮಾಡುವ ನಮ್ಮ ಭಾವನವರು, ‘ಗಾರ್ಬಲ್ಡ್ ಎಂದರೆ ಕಸಕಡ್ಡಿ ತೆಗೆದ ಒಳ್ಳೆಯ ಮಾಲು’ ಎಂದು ನಕ್ಕುಬಿಟ್ಟರು. ಮೆಣಸನ್ನು ಹಸನು ಮಾಡುವ ಪದವೇ ಮಾತನ್ನು ಕೆಡಿಸುವುದು ಹೇಗೆ?

ಉತ್ತರ 1 (ಚಿತ್ರದುರ್ಗ)
ಸರ್, ನಿಮ್ಮ ಭಾವನವರು ಹೇಳಿದ ಅರ್ಥವೇ ಹಳೆಯದು. ಅರಬ್ಬಿಯಲ್ಲಿ ‘ಘಿರ್ಬಾಲ್’ ಎಂದರೆ ಜರಡಿ, ‘ಘರ್ಬಲ’ ಎಂದರೆ ಜರಡಿ ಹಿಡಿಯುವುದು. ಸಾಂಬಾರ ಪದಾರ್ಥಗಳ ವ್ಯಾಪಾರದೊಂದಿಗೆ ಈ ಪದ ಇಟಲಿಯವರ ಬಾಯಲ್ಲಿ ‘ಗಾರ್ಬೆಲ್ಲಾರೆ’ ಆಗಿ, 15ನೇ ಶತಮಾನದಲ್ಲಿ ಇಂಗ್ಲಿಷನ್ನು ಸೇರಿತು. ಲಂಡನ್ನಿನಲ್ಲಿ ‘ಗಾರ್ಬ್ಲರ್’ ಎಂಬ ಅಧಿಕಾರಿಯೇ ಇದ್ದು, ಅಂಗಡಿ ಉಗ್ರಾಣಗಳನ್ನು ಹೊಕ್ಕು ಮಾಲನ್ನು ಪರೀಕ್ಷಿಸಿ ಬೆರಕೆಯನ್ನು ಬೇರ್ಪಡಿಸುತ್ತಿದ್ದನು. ನಮ್ಮ ಮಲಬಾರ್ ಮೆಣಸಿನ ದರ್ಜೆಗಳಲ್ಲಿ ಆ ಹೆಸರು ಇಂದಿಗೂ ಉಳಿದಿದೆ.

ಜರಡಿ ಹಿಡಿಯುವವನು ತನಗೆ ಬೇಕಾದದ್ದನ್ನು ಉಳಿಸಿಕೊಂಡು ಬೇಡವಾದದ್ದನ್ನು ಚೆಲ್ಲುತ್ತಾನಷ್ಟೆ. 17ನೇ ಶತಮಾನದ ಹೊತ್ತಿಗೆ ಬರಹವನ್ನೂ ಮಾತನ್ನೂ ಹೀಗೆಯೇ ದುರುದ್ದೇಶದಿಂದ ಸೋಸುವುದಕ್ಕೆ ಇದೇ ಕ್ರಿಯಾಪದ ಬಳಕೆಯಾಯಿತು. ರೈತನೊಬ್ಬ ‘ಬೋರ್‌ವೆಲ್ ಬತ್ತಿದರೆ ತೋಟ ಮಾರುತ್ತೇನೆ’ ಎಂದದ್ದು ‘ತೋಟ ಮಾರುತ್ತೇನೆ’ ಎಂದಷ್ಟೇ ಅಚ್ಚಾದರೆ, ಅಚ್ಚಾದ ಎರಡು ಪದಗಳೂ ಅವನವೇ, ಸುಳ್ಳು ಮಾತ್ರ ಅಚ್ಚುಹಾಕಿದವನದು.

ಉತ್ತರ 2 (ಚಳ್ಳಕೆರೆ)
ಹಾಗಿದ್ದಲ್ಲಿ ‘ತಿರುಚು’ ಎಂಬುದು ಸರಿಹೊಂದದು ಎಂಬುದು ನನ್ನ ಅಭಿಪ್ರಾಯ. ತಿರುಚಿದಾಗ ಮಾತಿನ ರೂಪವೇ ಬದಲಾಗುತ್ತದೆ. ಇಲ್ಲಿ ಉಳಿದ ಮಾತು ಇದ್ದಂತೆಯೇ ಇದೆ. ನಮ್ಮೂರಿನ ಎಣ್ಣೆ ಗಿರಣಿಗಳಲ್ಲಿ ಶೇಂಗಾ ಬೀಜವನ್ನು ಜರಡಿಗೆ ಹಾಕಿದರೆ ಗಟ್ಟಿ ಬೀಜ ಮೇಲೆ ನಿಂತು ಮಣ್ಣು, ನುಚ್ಚು ಕೆಳಗೆ ಬೀಳುತ್ತವೆ. ಈ ವರದಿಗಾರರ ಜರಡಿಯಲ್ಲಿ ಗಟ್ಟಿ ಬೀಜವೇ ಕೆಳಗೆ ಬಿದ್ದಿರುತ್ತದೆ! ‘ಬೇಕಾದಷ್ಟನ್ನೇ ಆಯ್ದು ಅಪಾರ್ಥ ಬರಿಸಿದ್ದಾರೆ’ ಎಂದರೆ ಉದ್ದವಾದರೂ ನಿಖರವಾಗುತ್ತದೆ.

ಉತ್ತರ 3 (ಚಿತ್ರದುರ್ಗ)
ಒಪ್ಪಿದೆ, ಆದರೆ ಒಂದು ಎಚ್ಚರಿಕೆ ಬೇಕು. ಈಗಿನ ಇಂಗ್ಲಿಷಿನಲ್ಲಿ ಈ ಪದಕ್ಕೆ ದುರುದ್ದೇಶ ಇರಲೇಬೇಕೆಂದಿಲ್ಲ. ಸಿಗ್ನಲ್ ಸಿಗದೆ ಫೋನಿನಲ್ಲಿ ಮಾತು ಕಲಸುಮೇಲೋಗರವಾದರೂ ಅದನ್ನು ಗಾರ್ಬಲ್ ಆಯಿತು ಎನ್ನುತ್ತಾರೆ. ನಿಮ್ಮ ವರದಿಯ ಸಂದರ್ಭ ಯಾವುದು?

ಪ್ರಶ್ನೆ ಕೇಳಿದವರು
ಹೇಳಿಕೆಯ ಮೊದಲರ್ಧವನ್ನು ಕೈಬಿಟ್ಟಿದ್ದಾರೆಂಬುದೇ ಅಲ್ಲಿಯ ದೂರು. ಆದ್ದರಿಂದ ‘ತಿರುಚಲಾಗಿದೆ’ ಎಂಬುದನ್ನು ಹೊಡೆದುಹಾಕಿ, ಚಳ್ಳಕೆರೆಯವರು ಸೂಚಿಸಿದ ವಾಕ್ಯವನ್ನೇ ಬರೆದುಕೊಂಡಿದ್ದೇನೆ.